ಪರದೆಯ ಹಿಂದೆ ಕೂತು ನೋಡಿದ ಸಿನಿಮಾ

ನನ್ನ ಇಷ್ಟದ ಸಿನಿಮಾಗಳಲ್ಲಿ ಹೆಚ್ಚಿನವನ್ನು ನಾನು ನೋಡಿಯೇ ಇಲ್ಲ. ಅಪ್ಪಯ್ಯನ ಬಾಯಲ್ಲಿ ಕೇಳಿದ್ದೇನೆ, ಅಷ್ಟೆ. ಇದನ್ನು ಹೇಳಿದರೆ ಈಗಿನ ಗೆಳತಿಯರು ನಗುತ್ತಾರೆ. ನಗಲಿ. ಅವರು ಬಸ್ಸಿನಲ್ಲಿ ಕೂತು, ಫೋನಿನಲ್ಲಿ ಹಾಡು ಬಿಟ್ಟು ಫೈಟ್ ಬಿಟ್ಟು ಓಡಿಸಿ, ಸಿರ್ಸಿ ಬರುವಷ್ಟರಲ್ಲಿ ಒಂದು ಸಿನಿಮಾ ಮುಗಿಸುವವರು. ನಾನು ಒಂದು ಸಿನಿಮಾವನ್ನು ಎರಡು ಭಾನುವಾರ ಕೇಳಿದವಳು. ಹಾಡು ಬಂದರೆ ಹಾಡು, ಫೈಟ್ ಬಂದರೆ ಫೈಟ್, ಇಂಟರ್‌ವಲ್ಲಿಗೆ ಒಗ್ಗರಣೆ ಅವಲಕ್ಕಿ.

ಅಪ್ಪಯ್ಯನದು ಸಿದ್ದಾಪುರದಲ್ಲಿ ಮೈಕ್ ಸೆಟ್ಟಿನ ಕೆಲಸ. ಮದುವೆ, ಉಪನಯನ, ತಾಳಮದ್ದಲೆ, ಗಣಪತಿ ಹಬ್ಬ, ಗ್ಯಾದರಿಂಗ್ ಎನ್ನುವ ಶಾಲಾ ವಾರ್ಷಿಕೋತ್ಸವ, ಪಂಚಾಯ್ತಿ ಚುನಾವಣೆಯ ಪ್ರಚಾರ, ಯಾವುದಕ್ಕೂ ಇಲ್ಲ ಅಂದವನಲ್ಲ. ಬಿಳಗಿಯಲ್ಲಿ ಪೆಂಡಾಲು ಎದ್ದರೂ ಅವನೇ, ವಾನಳ್ಳಿಯಲ್ಲಿ ಎದ್ದರೂ ಅವನೇ. ಮಂಚಿಕೇರಿಯಿಂದ ಕರೆ ಬಂದರೆ ಹಳೇ ಓಮ್ನಿಯ ತಲೆ ಮೇಲೆ ಕಬ್ಬಿಣದ ಕಂಬ ಕಟ್ಟಿಕೊಂಡು ಘಟ್ಟದ ತಿರುವುಗಳಲ್ಲಿ ಹೊರಟೇಬಿಡುತ್ತಿದ್ದ. ಶಾಲೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಾನು ಮೈಕಿನವನ ಮಗಳು. ಸಿಟ್ಟು ಬಂದಾಗ ಜೋರಾಗಿ ಮಾತಾಡುವ ಅಭ್ಯಾಸವಿದ್ದದ್ದರಿಂದ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು.

ಕಾರ್ಯಕ್ರಮ ಮುಗಿದ ಮೇಲೆ ವಯರುಗಳು ಗೋಜಲು ಗೋಜಲಾಗಿ ಮನೆಗೆ ಬರುತ್ತಿದ್ದವು. ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಕೂತು ಅವನ್ನು ಬಿಡಿಸಿ ಸುತ್ತಿಡುವುದು ನನ್ನ ಮತ್ತು ಅಪ್ಪಯ್ಯನ ಕೆಲಸ. ಎಲ್ಲರೂ ಮಾಡುವ ಹಾಗೆ ಅಂಗೈಯಿಂದ ಮೊಣಕೈಗೆ ಸುತ್ತಿದರೆ ಅಪ್ಪಯ್ಯನಿಗೆ ಮೈ ಉರಿಯುತ್ತಿತ್ತು. ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಒಂದಲ್ಲ ಒಂದು ದಿನ ಯಾರೋ ಭಾಷಣ ಮಾಡುವಾಗಲೇ ಕೈಕೊಡುತ್ತದೆ. ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಕೆಳಗಿನಿಂದ, ಹೀಗೆ ಸುತ್ತಬೇಕು. ಆಗ ಎಷ್ಟು ದೂರ ಎಸೆದರೂ ಸರಾಗ ಬಿಚ್ಚಿಕೊಳ್ಳುತ್ತದೆ. ಕೈಗೆ ಈ ಲಯ ಹತ್ತಿದ ಮೇಲೆ ಬಾಯಿಗೆ ಕೆಲಸ ಇರುವುದಿಲ್ಲವಲ್ಲ, ಅಪ್ಪಯ್ಯ ಸಿನಿಮಾ ಶುರುಮಾಡುತ್ತಿದ್ದ.

ಹರೆಯದಲ್ಲಿ ಅವನು ಬನವಾಸಿ ಕಡೆಯ ಒಂದು ಟೂರಿಂಗ್ ಟಾಕೀಸಿನಲ್ಲಿ ಕೆಲಸಕ್ಕಿದ್ದ. ಗೇಟಿನಲ್ಲಿ ನಿಂತು “ಬರ್ರಿ, ಒಳಗ ಬರ್ರಿ” ಎಂದು ಕರೆಯುವ ಕೆಲಸ ಮಾಲೀಕರದು. ಅಪ್ಪಯ್ಯನದು ಪರದೆಯ ಹಿಂದೆ. ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಅಲ್ಲಿ ಇಡುತ್ತಿದ್ದರು. ದನ ಬಂದು ವಯರು ತುಳಿಯದಂತೆ, ಟಿಕೆಟ್ಟಿಲ್ಲದವರು ಟೆಂಟಿನ ಅಡಿಯಿಂದ ನುಸುಳದಂತೆ ಕಾಯಬೇಕು. ಹಾಗಾಗಿ ಅವನು ಸಿನಿಮಾಗಳನ್ನೆಲ್ಲ ನೋಡಿದ್ದು ಹಿಂದಿನಿಂದ. ಬಿಳಿ ಬಟ್ಟೆಯ ಆಚೆ ಬಲಗೈಯಲ್ಲಿ ಹೊಡೆದರೆ ಈಚೆ ಕೂತವನಿಗೆ ಎಡಗೈಯಲ್ಲಿ ಹೊಡೆದ ಹಾಗೆ ಕಾಣುತ್ತದೆ. ಅಪ್ಪಯ್ಯ ಹೇಳುವ ಸಿನಿಮಾದಲ್ಲಿ ಹೀರೋಗಳೆಲ್ಲ ಎಡಚರು. ತಾಳಿ ಕಟ್ಟುವುದೂ ಎಡಗಡೆಯಿಂದ. ಜೊತೆಗೆ ಅವರೆಲ್ಲ ನಮ್ಮ ಮನೆಮಾತನ್ನೇ ಆಡುತ್ತಿದ್ದರು. ಕೋಟು ಹಾಕಿದ ಕಳ್ಳಸಾಗಣೆಯವನೂ “ಎಂತದಾ ಮಾಣಿ” ಎಂದೇ ಬೈಯುತ್ತಿದ್ದ.

ಆ ಸಿನಿಮಾಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಬ್ಬ ದೋಣಿಯವನದ್ದು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡುತ್ತೀರಿ, ನನಗದು ಬೇಡ. ದೋಣಿಯವನಿಗೆ ಹೆಂಡತಿ ಇಲ್ಲ, ಒಬ್ಬಳೇ ಮಗಳು. ಮಗಳು ಚೆನ್ನಾಗಿ ಹಾಡುತ್ತಾಳೆ. ಪಟ್ಟಣದಲ್ಲಿ ಹಾಡಿನ ಸ್ಪರ್ಧೆಯಿದ್ದ ದಿನ ಹೊಳೆ ಕೆಂಪಾಗಿ ಉಕ್ಕುತ್ತಿರುತ್ತದೆ. ಮಗಳನ್ನು ಹೇಗೋ ದಾಟಿಸಿ, ಆಚೆ ದಡದಲ್ಲಿ ಉಳಿದ ಶಾಲೆಮಕ್ಕಳನ್ನು ಕರೆತರಲು ಅವನು ಮತ್ತೆ ದೋಣಿ ಇಳಿಸುತ್ತಾನೆ. ಎಡಗೈ ಎತ್ತಿ ಮಗಳಿಗೆ ಹೋಗು ಎಂದು ಸನ್ನೆ ಮಾಡುತ್ತಾನೆ. ಮಗಳು ಸ್ಟೇಜಿನ ಮೇಲೆ ಬಾಗಿಲನ್ನೇ ನೋಡುತ್ತ ಹಾಡುತ್ತಾಳೆ. ಅಪ್ಪ ಬರುವುದಿಲ್ಲ. ಹೊಳೆಯಲ್ಲಿ ದೋಣಿ ಮಗುಚಿದೆಯೆಂದು ಯಾರೋ ಅನ್ನುತ್ತಾರೆ. ಅವಳು ಯಾರದೋ ದೋಣಿ ಹತ್ತಿ ಹೊಳೆ ದಾಟಿ, ಅಳುತ್ತ ಮನೆಗೆ ಓಡಿಬರುತ್ತಾಳೆ.

ಇಲ್ಲಿಗೆ ಬಂದಾಗ ಅಪ್ಪಯ್ಯ ವಯರು ಸುತ್ತುವುದನ್ನು ನಿಲ್ಲಿಸುತ್ತಿದ್ದ. ನಾನೂ ನಿಲ್ಲಿಸುತ್ತಿದ್ದೆ. ಮನೆಯ ಜಗಲಿ ಮೇಲೆ ದೋಣಿಯವ ಒದ್ದೆಯಾಗಿ ಕೂತು ಪಂಚೆ ಹಿಂಡುತ್ತಿರುತ್ತಾನೆ. ಮಗಳನ್ನು ನೋಡಿ ಕೇಳುತ್ತಾನೆ, “ಎಂತಾತೆ ಕೂಸೆ? ಗೆದ್ಯ? ಚಾ ಇದ್ದನೆ?”

ಶುಭಂ. ಆಮೇಲೆ ಅಪ್ಪಯ್ಯನೂ ಅಡುಗೆಮನೆಯತ್ತ ತಿರುಗಿ ಅದೇ ಸ್ವರದಲ್ಲಿ ಚಾ ಇದೆಯೇನೇ ಎಂದು ಕೂಗುತ್ತಿದ್ದ, ಆಯಿ, ಅಂದರೆ ನನ್ನ ಅಮ್ಮ, ಒಳಗಿನಿಂದ ಪಾತ್ರೆ ಕುಕ್ಕಿ ಉತ್ತರ ಕೊಡುತ್ತಿದ್ದಳು. ಈ ಸಿನಿಮಾವನ್ನು ನಾನು ಎಷ್ಟು ಸಲ ಹೇಳಿಸಿಕೊಂಡೆನೋ.

ನನ್ನನ್ನು ಸಂಗೀತ ಕ್ಲಾಸಿಗೆ ಸೇರಿಸಿದ್ದು ಅಪ್ಪಯ್ಯನೇ. ತಾಲೂಕಿನ ಹಾಡುಗಾರರಿಗೆಲ್ಲ ಮೈಕು ಇಟ್ಟು ಇಟ್ಟು, ತನ್ನ ಮನೆಯಲ್ಲೂ ಒಬ್ಬರು ಅದರ ಮುಂದೆ ಕೂರಲಿ ಎಂದು ಆಸೆ ಹುಟ್ಟಿರಬೇಕು. ಅವನಿಗೆ ರಾಗಗೀಗ ಗೊತ್ತಿರಲಿಲ್ಲ. ಆದರೆ ಕಾರ್ಯಕ್ರಮಕ್ಕೆ ಮುಂಚೆ ಅವನು ಹಲೋ ಅಂದರೆ ಅದು ಪ್ರತಿ ಸಲ ಹಾರ್ಮೋನಿಯಮ್ಮಿನ ಒಂದೇ ಮನೆಗೆ ಬೀಳುತ್ತಿತ್ತು, ಕಪ್ಪು ಒಂದಕ್ಕೆ, ಅಂದರೆ ಮೊದಲ ಕಪ್ಪು ಕೀಲಿಗೆ. ನಮ್ಮ ಗುರುಗಳು ಒಮ್ಮೆ ಮನೆ ಒತ್ತಿ ನೋಡಿ ನಕ್ಕುಬಿಟ್ಟಿದ್ದರು. “ಹಲೋ, ಹಲೋ. ಹಿಂದೆ ಕೂತವಕ್ಕೆ ಕೇಳ್ತ?” ಇಷ್ಟೇ ಅವನ ಪರೀಕ್ಷೆ. ಮುಂದಿನ ಕುರ್ಚಿಯ ದೊಡ್ಡವರು ಮೈಕಿಲ್ಲದಿದ್ದರೂ ಕೇಳಿಸಿಕೊಳ್ಳುತ್ತಾರೆ, ಮೈಕು ಇರುವುದೇ ಹಿಂದೆ ಕೂತವರಿಗೆ ಎಂದು ಅವನ ವಾದ. ಪರದೆಯ ಹಿಂದೆ ಕೂತವನಿಗೆ ಹಿಂದಿನವರ ಕಷ್ಟ ಗೊತ್ತಿರುತ್ತದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಚಳಿಗಾಲದಲ್ಲಿ ಅಪ್ಪಯ್ಯನ ಸ್ವರ ಬಿತ್ತು. ನಮ್ಮ ಕಡೆ ಇದು ಹೆದರುವ ಸಂಗತಿಯೇ ಅಲ್ಲ. ಚಳಿಗಾಲ ಅಂದರೆ ಕಾರ್ಯಕ್ರಮಗಳ ಕಾಲ. ಭಾಗವತರ ಸ್ವರ ಬೀಳುತ್ತದೆ, ತಾಳಮದ್ದಲೆಯ ಅರ್ಥಧಾರಿಗಳ ಸ್ವರ ಬೀಳುತ್ತದೆ, ಗ್ಯಾದರಿಂಗಿನಲ್ಲಿ ಕೂಗಿ ಕೂಗಿ ಮಾಸ್ತರರದ್ದೂ ಬೀಳುತ್ತದೆ. ಮಳೆ ಬಿದ್ದ ಮೇಲೆ ಎಲ್ಲರದ್ದೂ ಏಳುತ್ತದೆ. ಮನೆಗೆ ಬಂದವರೆಲ್ಲ ಇದನ್ನೇ ಹೇಳಿದರು. “ಸೀಸನ್ ಮಾರಾಯ. ಮಳೆ ಬೀಳ್ಲಿ, ತನ್ನಷ್ಟಕ್ಕೇ ಏಳ್ತು” ಎಂದವರು ಅಪ್ಪಯ್ಯನ ಹಳೇ ಸ್ನೇಹಿತರು, ಒಳ್ಳೆಯ ಹಾಡುಗಾರರು. ಒಬ್ಬರು ಜ್ಯೇಷ್ಠಮಧು ತಂದುಕೊಟ್ಟರು. ಒಬ್ಬರು ಹಿಪ್ಪಲಿ ಅಂದರು. ಆಯಿ ಕಾಳುಮೆಣಸಿನ ಕಷಾಯ ಕುದಿಸಿದಳು. ಅಪ್ಪಯ್ಯ ಮುಖ ಕಿವಿಚಿ ಕಷಾಯ ಕುಡಿದು, ಬಾಯಿಯ ಖಾರ ಹೋಗಲೆಂದು ಒಂದು ಕವಳ ಹಾಕುತ್ತಿದ್ದ.

ಕವಳ ಎಂದರೆ ಎಲೆ, ಅಡಿಕೆ, ಸುಣ್ಣ, ಒಂದೆಸಳು ಹೊಗೆಸೊಪ್ಪು. ನಮ್ಮಲ್ಲಿ ಮನೆಗೆ ಬಂದವರಿಗೆ ನೀರು ಕೊಟ್ಟ ಹಾಗೆ ಕವಳದ ಬಟ್ಟಲು ಇಡಬೇಕು. ಇಡದಿದ್ದರೆ ಬಂದವರನ್ನು ಮಾತಾಡಿಸದೆ ಕಳಿಸಿದ ಹಾಗೆ. ಸ್ವರದ ಬಗ್ಗೆ ಸಲಹೆ ಕೊಟ್ಟವರೆಲ್ಲ ಬಾಯಲ್ಲಿ ಕವಳ ಇಟ್ಟುಕೊಂಡೇ ಕೊಟ್ಟರು; ಅಂಗಳದ ಅಂಚಿಗೆ ಹೋಗಿ ಉಗುಳಿ ಬಂದು ಮಾತು ಮುಂದುವರಿಸಿದರು. ಯಾರಿಗೂ ಆ ಬಟ್ಟಲಿನ ಕಡೆ ಅನುಮಾನ ಬರಲಿಲ್ಲ. ದಿನಾ ನೋಡುವ ವಸ್ತುವಿನ ಮೇಲೆ ಅನುಮಾನ ಹೇಗೆ ಬರುತ್ತದೆ?

ಮಳೆ ಬಿತ್ತು. ಎಲ್ಲರ ಸ್ವರ ಎದ್ದಿತು, ಅಪ್ಪಯ್ಯನದು ಏಳಲಿಲ್ಲ. ಊಟ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಸಿರ್ಸಿಯ ಡಾಕ್ಟರು ನೋಡಿದವರೇ ತಡಮಾಡದೆ ಹುಬ್ಬಳ್ಳಿಗೆ ಹೋಗಿ ಎಂದರು. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಎಂದರು. ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಕತ್ತಿನಲ್ಲಿ ಒಂದು ತೂತು ಮಾಡುತ್ತೇವೆ, ಇನ್ನು ಮುಂದೆ ಅದರಲ್ಲೇ ಉಸಿರು ಎಂದರು. ಊರಿಗೆ ಬಂದು ಬಟ್ಟೆಬರೆ ಕಟ್ಟಿಕೊಳ್ಳುವಾಗ ಆಯಿ ಒಂದು ಮೂಲೆಯಲ್ಲಿ ಅಳುತ್ತಿದ್ದಳು. ಅಪ್ಪಯ್ಯ ಸ್ಪೀಕರುಗಳನ್ನು ತೋರಿಸಿ, ಅರ್ಧ ಗಾಳಿ ಅರ್ಧ ಮಾತಿನಲ್ಲಿ, “ಒಂದು ಪೆಟ್ಟಿಗೆ ಹೋದ್ರೆ ಹೋತು. ಮನೇಲಿ ಇನ್ನೂ ಇದ್ದಲೆ” ಅಂದ. ನನಗೆ ನಗು ಬರಲಿಲ್ಲ. ಅವನ ಮೇಲೆ ಕೆಟ್ಟ ಸಿಟ್ಟು ಬಂತು.

ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯಿಂದ ಫೋನ್ ಮಾಡಿದ್ದ. ನಾನು ಚಿಕ್ಕಮ್ಮನ ಮನೆಯಲ್ಲಿದ್ದೆ. ಅಭ್ಯಾಸ ಮಾಡಿದೆಯಾ, ಊಟ ಆಯಿತಾ ಎಂದು ಕೇಳಿದ. ನನ್ನ ಫೋನಿನಲ್ಲಿ ಚಾರ್ಜಿಲ್ಲದೆ ಮಾತು ಕಡಿಯುತ್ತಿತ್ತು. “ಫೋನು ಚಾರ್ಜಿಗೆ ಹಾಕ್ಯ” ಎಂದು ಅವನೇ ಇಟ್ಟುಬಿಟ್ಟ. ಅಪ್ಪಯ್ಯನ ಸ್ವರದಲ್ಲಿ ನಾನು ಕೇಳಿದ ಕೊನೆಯ ಮಾತು ಅದು. ದೊಡ್ಡ ಮಾತೇನೂ ಅಲ್ಲ. ಸಾವಿರಾರು ಜನರಿಗೆ ಬೇರೆಯವರ ಸ್ವರ ಮುಟ್ಟಿಸಿದವನದು ಒಂದು ರೆಕಾರ್ಡಿಂಗೂ ನಮ್ಮಲ್ಲಿಲ್ಲ. ಗ್ಯಾದರಿಂಗುಗಳ ವಿಡಿಯೋ ಹುಡುಕಿದೆ. ವಿಡಿಯೋದವರು ಕ್ಯಾಮೆರಾ ಶುರುಮಾಡುವುದೇ ಮೈಕ್ ಪರೀಕ್ಷೆ ಮುಗಿದ ಮೇಲೆ.

ಅವನು ಮನೆಗೆ ಬಂದಾಗ ಕತ್ತಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ. ನೋಡಲು ಜನ ಬಂದರು. ಆಯಿ ನೀರು ಕೊಟ್ಟಳು, ಚಾ ಕೊಟ್ಟಳು, ಕವಳದ ಬಟ್ಟಲನ್ನು ಮಾತ್ರ ಹೊರಗೆ ತರಲಿಲ್ಲ. ಅದನ್ನು ಆಗಲೇ ಅಟ್ಟದ ಮೇಲೆ ಎಸೆದಿದ್ದಳು. ಬಂದವರು ಮಾತು ಮುಗಿದರೂ ಏಳಲಾರದೆ, ಕೂರಲಾರದೆ ಒದ್ದಾಡಿದರು. ಅಪ್ಪಯ್ಯ ಆಯಿಯ ಕಡೆ ನೋಡಿ, ಅಂಗೈಯನ್ನು ಬಟ್ಟಲು ಮಾಡಿ ತೋರಿಸಿದ. ಆಯಿ ಗೊತ್ತಾಗದವಳ ಹಾಗೆ ನಿಂತಳು. ಅವನು ಮತ್ತೆ ತೋರಿಸಿದ. ಮೂರನೇ ಸಲಕ್ಕೆ ಅವಳು ಅಟ್ಟ ಹತ್ತಿ ಬಟ್ಟಲು ತಂದು ಅವರ ಮುಂದೆ ಕುಕ್ಕಿದಳು. ಬಂದವರಲ್ಲಿ ಇಬ್ಬರು ಎಲೆ ಕೈಗೆತ್ತಿಕೊಂಡು, ಸುಣ್ಣ ಹಚ್ಚಿ, ಅಪ್ಪಯ್ಯನ ಮುಖ ನೋಡದೆ ನೆಲ ನೋಡುತ್ತ ಅಗಿದರು. ಅಪ್ಪಯ್ಯ ಮನೆಯ ಯಜಮಾನನ ಹಾಗೆ ತೃಪ್ತಿಯಿಂದ ಕೂತಿದ್ದ. ಆವತ್ತು ನನಗೆ ಊರಿನ ಮೇಲೆಲ್ಲ ಅಸಹ್ಯ ಬಂತು. ಈಗ ಅಷ್ಟು ಬರುವುದಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸದಿರುವುದೊಂದೇ ಅವನಿಗೆ ಮಾತಿಲ್ಲದೆ ಮಾಡಲು ಉಳಿದಿತ್ತು.

ನಾನು ಮನೆಯಲ್ಲಿ ಹಾಡುವುದನ್ನು ಬಿಟ್ಟೆ. ಸ್ವರ ಹೋದವನ ಎದುರು ಸಾ ಹಿಡಿದು ಕೂರುವುದು ಹಸಿದವರ ಮುಂದೆ ಉಂಡ ಹಾಗೆ ಅನಿಸುತ್ತಿತ್ತು. ಅಪ್ಪಯ್ಯ ಕೆಲವು ದಿನ ನೋಡಿದ. ಒಂದು ಬೆಳಿಗ್ಗೆ ನಾನು ಚಾ ಕುಡಿಯುತ್ತಿದ್ದಾಗ ಜಗಲಿಯಿಂದ ತಂಬೂರಿ ಕೇಳಿಸಿತು, ಅದೂ ಓಣಿಗೆಲ್ಲ ಕೇಳುವಷ್ಟು ಜೋರಾಗಿ. ನನ್ನ ಫೋನಿನ ತಂಬೂರಿಯನ್ನು ಸ್ಪೀಕರಿಗೆ ಸಿಕ್ಕಿಸಿ ಅವನು ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ. ನಿಲ್ಲಿಸು ಎಂದೆ. ಇನ್ನಷ್ಟು ಏರಿಸಿದ. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಮರ್ಯಾದೆ ಉಳಿಸಿಕೊಳ್ಳಲಿಕ್ಕಾದರೂ ನಾನು ಕೂತು ಹಾಡಲೇಬೇಕಾಯಿತು. ಭೂಪಾಲಿ ರಾಗದ ಆರೋಹ ಅರ್ಧಕ್ಕೆ ಹೋಗುವಾಗಲೇ ಅಳು ಬಂತು. ಅವನು ತಂಬೂರಿಯನ್ನು ಸಣ್ಣ ಮಾಡಿ ಕಾದ, ನಾನು ಮೂಗು ಒರೆಸಿಕೊಂಡ ಮೇಲೆ ಮತ್ತೆ ಏರಿಸಿದ.

ಹತ್ತನೇ ಕ್ಲಾಸಿನಲ್ಲಿ ನನ್ನನ್ನು ಶಾಲಾ ಸಂಸತ್ತಿನ ಪ್ರಧಾನಿ ಮಾಡಿದರು. ಗೆದ್ದದ್ದು ಅನುಕಂಪದ ಅಲೆಯಲ್ಲಿ, ಇದರಲ್ಲಿ ಅನುಮಾನವಿಲ್ಲ. ನನ್ನ ಎದುರು ನಿಂತವನು ನನಗಿಂತ ಒಳ್ಳೆಯ ಭಾಷಣ ಮಾಡಿದ್ದ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸುತ್ತೇನೆ ಎಂಬುದೊಂದೇ ನನ್ನ ಭರವಸೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಕೊನೆಗೆ ಅಪ್ಪಯ್ಯನೇ ಸ್ಕ್ರೂಡ್ರೈವರ್ ತಂದು ಹಾಕಿಕೊಟ್ಟ. ಪ್ರಧಾನಿಯೆಂದರೆ ಸಾಲಿನ ಮುಂದೆ ನಿಲ್ಲುವುದು, ಪ್ರಾರ್ಥನೆ ಹೇಳಿಸುವುದು, ಗಲಾಟೆ ಮಾಡಿದವರನ್ನು ದುರುಗುಟ್ಟಿ ನೋಡುವುದು. ಹೆಡ್ಮಾಸ್ತರರು ಹೋದಲ್ಲಿ ಬಂದಲ್ಲಿ ಇವಳು ಬಹಳ ಧೈರ್ಯದ ಹುಡುಗಿ ಎನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ನನಗೆ ಯಾರನ್ನಾದರೂ ಕಚ್ಚಬೇಕು ಅನಿಸುತ್ತಿತ್ತು.

ಆ ವರ್ಷದ ಗ್ಯಾದರಿಂಗಿಗೆ ಮೈಕು ಯಾರದ್ದೆಂಬ ಪ್ರಶ್ನೆ ಬಂತು. ಅಪ್ಪಯ್ಯನಿಗೆ ಕೆಲಸ ಬರುವುದು ನಿಂತೇಹೋಗಿತ್ತು. ಮೈಕನ್ನು ಬೆರಳಿನಿಂದ ಕುಟ್ಟಿದರೆ ಅದು ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತದೆ, ಮನುಷ್ಯರ ಮಾತು ಅದರಲ್ಲಿ ಹೇಗೆ ಕೇಳುತ್ತದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಒಬ್ಬರು ಮಾತಾಡಬೇಕು, ಇನ್ನೊಬ್ಬರು ದೂರ ನಿಂತು ಕೇಳಬೇಕು. ಮಾತು ಬಾರದ ಮೈಕಿನವನನ್ನು ಯಾರು ಕರೆಯುತ್ತಾರೆ? ಮೀಟಿಂಗಿನಲ್ಲಿ ಒಬ್ಬರು ಸಿರ್ಸಿಯಿಂದ ತರಿಸೋಣ ಎಂದಾಗ ನಾನು ಎದ್ದು, ನಮ್ಮದೇ ಸೆಟ್ಟು ಇರಲಿ, ನಾನು ಮಾತಾಡುತ್ತೇನೆ, ಅಪ್ಪಯ್ಯ ಕೇಳುತ್ತಾನೆ ಎಂದೆ. ಪ್ರಧಾನಿಯಾಗಿ ನಾನು ಮಾಡಿದ ನಿಜವಾದ ಕೆಲಸ ಇದೊಂದೇ ಇರಬೇಕು.

ಮಧ್ಯಾಹ್ನ ಮೈದಾನದಲ್ಲಿ ಪೆಂಡಾಲು ಎದ್ದಿತ್ತು. ಡಾನ್ಸಿನ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ಅಲ್ಲಲ್ಲಿ ಕೂತಿದ್ದರು. ಅಪ್ಪಯ್ಯ ವಯರುಗಳನ್ನು ಎಳೆದು, ಪೆಟ್ಟಿಗೆಗಳನ್ನು ಕಂಬಕ್ಕೇರಿಸಿ, ಮೈದಾನದ ಕಟ್ಟಕಡೆಗೆ, ಗೇಟಿನ ಹತ್ತಿರ ಹೋಗಿ ನಿಂತ. ನಾನು ಸ್ಟೇಜಿನ ಮೇಲೆ ಹಲೋ ಎಂದೆ. ಅವನು ಕಿವಿಯ ಹತ್ತಿರ ಕೈ ಆಡಿಸಿದ, ಕೇಳುತ್ತಿಲ್ಲ. ಮತ್ತೆ ಹಲೋ ಎಂದೆ. ಅವನು ಎದೆಯ ಮೇಲೆ ಮುಷ್ಟಿ ಇಟ್ಟು ಅಲ್ಲಾಡಿಸಿದ, ಎದೆಯಿಂದ ಬರಬೇಕು. ಕೆಳಗೆ ನಮ್ಮ ಕ್ಲಾಸಿನ ಹುಡುಗರು ಕಿಸಕ್ಕೆಂದರು. ನನಗೆ ಕಿವಿ ಬಿಸಿಯಾಯಿತು. ಸಿಟ್ಟಿನಲ್ಲಿ ಮೈಕನ್ನು ಹತ್ತಿರ ಎಳೆದುಕೊಂಡೆ. “ಹಲೋ, ಹಲೋ. ಹಿಂದೆ ಕೂತವಕ್ಕೆ ಕೇಳ್ತ?”

ಅದು ಅಪ್ಪಯ್ಯನ ಧಾಟಿಯಲ್ಲೇ ಬಂತು. ಬೇಕೆಂದು ಮಾಡಿದ್ದಲ್ಲ, ಆ ಮಾತನ್ನು ನಾನು ಬೇರೆ ಧಾಟಿಯಲ್ಲಿ ಕೇಳಿಯೇ ಇರಲಿಲ್ಲ. ಸರಿಯಿದ್ದರೆ ಎರಡು ಕೈ ಜೋಡಿಸಿ ತೋರಿಸುವುದೆಂದು ಮಾತಾಗಿತ್ತು. ಅವನು ಕೈ ಜೋಡಿಸುವುದು ಮರೆತು ಕತ್ತಿನ ಬಟ್ಟೆಯನ್ನು ಮುಟ್ಟಿಕೊಂಡ. ಆಮೇಲೆ ನೆನಪಾಗಿ ಜೋಡಿಸಿದ. ನಾಯಕತ್ವದ ಬಗ್ಗೆ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಪಾಠವಿತ್ತು, ಅದರ ಒಂದು ಸಾಲೂ ಈಗ ನೆನಪಿಲ್ಲ. ಮೈದಾನದ ಕಡೆಯಲ್ಲಿ ನಿಂತವನನ್ನು ನೋಡುತ್ತ ಮಾತಾಡಬೇಕು ಎಂಬುದು ನೆನಪಿದೆ. ಆ ದಿನದಿಂದ ಕೆಲವು ಕಾರ್ಯಕ್ರಮಗಳಿಗೆ ನಾವಿಬ್ಬರೂ ಹೋದೆವು. ಮಂಚಿಕೇರಿಗೂ ಒಮ್ಮೆ ಹೋಗಿ ಬಂದೆವು.

ಪರೀಕ್ಷೆ ಮುಗಿದ ರಜೆಯಲ್ಲಿ ಫೋನಿನಲ್ಲಿ ಏನೋ ಹುಡುಕುವಾಗ ದೋಣಿಯವನ ಸಿನಿಮಾ ಸಿಕ್ಕಿತು. ಯಾರೋ ಪುಣ್ಯಾತ್ಮರು ಹಳೇ ಮಸುಕು ಪ್ರತಿಯನ್ನು ಹಾಕಿದ್ದರು. ಅಪ್ಪಯ್ಯನಿಗೆ ತೋರಿಸಿ ಚಕಿತಗೊಳಿಸಬೇಕೆಂದು, ಮೊದಲು ನಾನೇ ನೋಡಿಬಿಡೋಣವೆಂದು ಕೋಣೆ ಸೇರಿ ಕೂತೆ. ದೋಣಿಯವ ಬಲಗೈಯವನು. ಮೊದಲು ಅದಕ್ಕೇ ನಗು ಬಂತು. ಮಾತು ನಮ್ಮ ಮನೆಮಾತಲ್ಲ. ಮಗಳ ಹಾಡು ಅಪ್ಪಯ್ಯ ಹಾಡಿದ್ದಕ್ಕಿಂತ ಬೇರೆಯೇ ಇತ್ತು. ಹೊಳೆ ಉಕ್ಕಿತು. ಅವನು ಬಲಗೈ ಎತ್ತಿ ಹೋಗು ಎಂದ. ಮಕ್ಕಳನ್ನೆಲ್ಲ ದಡಕ್ಕೆ ನೂಕಿ ಮುಳುಗಿದ. ಮಗಳು ಓಡಿಬಂದಳು. ಜಗಲಿಯ ಮೇಲೆ ಯಾರೂ ಇರಲಿಲ್ಲ. ದೋಣಿಯ ಹುಟ್ಟೊಂದನ್ನು ಊರವರು ಗೋಡೆಗೆ ಒರಗಿಸಿಟ್ಟಿದ್ದರು. ಅವಳು ಅದನ್ನು ತಬ್ಬಿಕೊಂಡಳು, ಸಿನಿಮಾ ಮುಗಿಯಿತು.

ನಾನು ಫೋನನ್ನು ಬೋರಲು ಹಾಕಿ ಕೂತೆ. ಟೆಂಟಿನಲ್ಲಿ ಅದನ್ನು ಎಷ್ಟೋ ಸಲ ನೋಡಿದವನು ಅಪ್ಪಯ್ಯ. ಅವನಿಗೆ ಆ ಕೊನೆ ಗೊತ್ತಿತ್ತು. ಜಗಲಿಯಲ್ಲಿ ಕೂತ ತನ್ನ ಮಗಳಿಗೆ ಅದನ್ನು ಹೇಳಲು ಬಾಯಿ ಬಂದಿರಲಿಲ್ಲ, ಹಾಗಾಗಿ ದೋಣಿಯವನನ್ನು ಬದುಕಿಸಿ ಚಾ ಕೇಳಿಸಿದ್ದ. ಸಿನಿಮಾವನ್ನು ಅವನಿಗೆ ತೋರಿಸಲಿಲ್ಲ.

ಮುಂದಿನ ಭಾನುವಾರ ವಯರು ಸುತ್ತುತ್ತಿದ್ದೆವು. ಆಪರೇಷನ್ ಆದ ಮೇಲೆ ಸಿನಿಮಾ ಹೇಳುವ ಪಾಳಿ ನನ್ನದಾಗಿತ್ತು. ನಾನು ಹೇಳಿದ್ದು ಸಪ್ಪೆಯಾದರೆ ಅವನು ಆಕಳಿಸುತ್ತಿದ್ದ. ಆ ದಿನ ಅವನು ಗಾಳಿಯಲ್ಲಿ ಹುಟ್ಟು ಹಾಕಿ ತೋರಿಸಿದ. ದೋಣಿಯವನದ್ದು ಹೇಳು. ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಶುರುಮಾಡಿದೆ. ಹೊಳೆಯ ಹತ್ತಿರ ಬರುವಾಗ, ನಾಲಿಗೆ ಜಾರಿ, ಅವನು ಬಲಗೈ ಎತ್ತಿ ಹೋಗು ಎಂದ ಎಂದುಬಿಟ್ಟೆ.

ಅಪ್ಪಯ್ಯನ ಕೈ ನಿಂತಿತು. ತನ್ನ ಎಡಗೈಯನ್ನು ಎತ್ತಿ ನನಗೆ ತೋರಿಸಿದ. ಆಮೇಲೆ ನಿಧಾನ ಬಲಗೈ ಎತ್ತಿ, ಹುಬ್ಬು ಹಾರಿಸಿ ಕೇಳಿದ. ನಾನು ತಲೆ ತಗ್ಗಿಸಿದೆ. ಪರದೆಯ ಮುಂದಿನಿಂದ ನೋಡಿದವರಿಗೆ ಮಾತ್ರ ಅದು ಬಲಗೈ. ನಾನು ನೋಡಿಬಿಟ್ಟಿದ್ದೇನೆಂದು ಅವನಿಗೆ ಗೊತ್ತಾಯಿತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಅವನು ಕೈ ಕೆಳಗಿಳಿಸಿ, ಮುಂದೆ ಹೇಳು ಎಂಬಂತೆ ಗದ್ದ ಅಲ್ಲಾಡಿಸಿದ. ಕಣ್ಣು ನನ್ನ ಮೇಲೇ ಇತ್ತು.

ಹೇಳಿದೆ. ಸ್ಟೇಜು ಹೇಳಿದೆ, ಬಾಗಿಲು ಹೇಳಿದೆ, ಮಗಳು ಓಡಿಬಂದದ್ದು ಹೇಳಿದೆ. “ಅವ ಜಗಲಿ ಮೇಲೆ ಕೂತು ಪಂಚೆ ಹಿಂಡ್ತಾ ಇದ್ದ. ‘ಎಂತಾತೆ ಕೂಸೆ, ಗೆದ್ಯ? ಚಾ ಇದ್ದನೆ?’ ಕೇಳ್ದ.”

ಅಪ್ಪಯ್ಯ ನಕ್ಕ. ಸ್ವರವಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು, ಕತ್ತಿನ ಬಟ್ಟೆ ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಕಣ್ಣಲ್ಲಿ ನೀರು. ಅಷ್ಟಾದ ಮೇಲೆ ಅಡುಗೆಮನೆಯತ್ತ ತಿರುಗಿ, ಕೂಗಲಾಗದೆ, ಪಕ್ಕದಲ್ಲಿದ್ದ ಸ್ಪೀಕರ್ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿದ. ಒಳಗಿನಿಂದ ಆಯಿ ಪಾತ್ರೆ ಕುಕ್ಕಿದಳು. ಮೂವರೂ ಚಾ ಕುಡಿದೆವು.

ಅದೇ ಮಳೆಗಾಲದಲ್ಲಿ ಕಾಯಿಲೆ ಮತ್ತೆ ಬಂತು. ಈ ಸಲ ಡಾಕ್ಟರು ತೆಗೆಯುವ ಮಾತಾಡಲಿಲ್ಲ. ನಾನು ಸಿರ್ಸಿಯಲ್ಲಿ ಕಾಲೇಜು ಸೇರಿದ್ದೆ. ಬಸ್ಸಿನಲ್ಲಿ ದಿನಾ ಹೋಗಿ ಬರುತ್ತಿದ್ದೆ, ಸಂಜೆ ಅವನ ಹತ್ತಿರ ಕೂತು ಹಾಡುತ್ತಿದ್ದೆ. ದೀಪಾವಳಿಗೆ ಮುಂಚೆ ಅಪ್ಪಯ್ಯ ಹೋದ. ನೋಡಲು ಬಂದವರಿಗೆ ಆಯಿ ತಾನಾಗಿಯೇ ಕವಳದ ಬಟ್ಟಲು ತಂದಿಟ್ಟಳು. ಆ ದಿನ ಯಾರೂ ಅದಕ್ಕೆ ಕೈ ಹಾಕಲಿಲ್ಲ. ಪೆಟ್ಟಿಗೆಗಳು ಇನ್ನೂ ಜಗಲಿಯಲ್ಲಿವೆ, ವಯರುಗಳು ಅವನು ಸುತ್ತಿದ ಹಾಗೇ ಮೊಳೆಗೆ ನೇತಾಡುತ್ತಿವೆ. ಎಳೆದರೆ ಸರಾಗ ಬಿಚ್ಚಿಕೊಳ್ಳುತ್ತವೆ ಎಂದು ಗೊತ್ತು. ನಾನು ಎಳೆಯುವುದಿಲ್ಲ.

ಮೊನ್ನೆ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿ ಸಂಘದ ಪರಿಚಯದ ಕಾರ್ಯಕ್ರಮವಿತ್ತು. ನನ್ನನ್ನು ಸಾಂಸ್ಕೃತಿಕ ಕಾರ್ಯದರ್ಶಿ ಮಾಡಿದ್ದಾರೆ, ಜೋರು ಬಾಯಿಗೆ ಅಲ್ಲೂ ಬೇಡಿಕೆಯಿದೆ. ಒಬ್ಬೊಬ್ಬರೂ ಎದ್ದು ಊರು, ಹವ್ಯಾಸ, ಇಷ್ಟದ ಸಿನಿಮಾ ಹೇಳಬೇಕು. ಎಲ್ಲರೂ ಈಚಿನವನ್ನು ಹೇಳಿದರು. ನನ್ನ ಪಾಳಿ ಬಂದಾಗ ಸಿದ್ದಾಪುರ, ಸಂಗೀತ, ಎಂದು ಹೇಳಿ ಆ ದೋಣಿಯವನ ಸಿನಿಮಾದ ಹೆಸರು ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಲೆಕ್ಚರರೊಬ್ಬರಿಗೆ ಖುಷಿಯಾಯಿತು. ಅದನ್ನು ಈ ಕಾಲದ ಮಕ್ಕಳೂ ನೋಡುತ್ತಾರಾ ಎಂದರು. ಕೊನೆಯಲ್ಲಿ ಆ ಅಪ್ಪ ಸತ್ತುಹೋಗುವುದನ್ನು ನೋಡಿ ತಾನು ಎರಡು ದಿನ ಊಟ ಬಿಟ್ಟಿದ್ದೆ ಎಂದರು.

ನನ್ನ ಕೈಯಲ್ಲಿ ಮೈಕಿತ್ತು.

“ಇಲ್ಲ ಸರ್, ಅವನು ಸಾಯೋದಿಲ್ಲ. ಬರ್ತಾನೆ. ಬಂದ್ಕಂಡು ಚಾ ಕೇಳ್ತಾನೆ” ಎಂದೆ.

ಕಾಲೇಜು ಹಾಲಿನ ಮೈಕ್ ಸೆಟ್ಟು ಸರಿಯಿರಲಿಲ್ಲ, ಎದೆಯ ದನಿಯೇ ಬರುತ್ತಿರಲಿಲ್ಲ. ಕೇಳಲಿಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನಾನು ಮೈಕನ್ನು ಹತ್ತಿರ ಹಿಡಿದು, ಹಾಲಿನ ಕಟ್ಟಕಡೆಯ ಗೋಡೆ ನೋಡುತ್ತ, ಹಿಂದೆ ಕೂತವರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. ಅವನು ಬರ್ತಾನೆ.